ಅಕ್ಷರ ಒಲಿಯದ ಮಕ್ಕಳು

ನಮ್ಮಲ್ಲಿ ಬಹುಮಂದಿಗೆ ತಾವು ಓದಲು ಕಲಿತ ದಿನ ನೆನಪಿರುವುದಿಲ್ಲ. ನಡೆಯಲು ಕಲಿತದ್ದು ಹೇಗೆ ನೆನಪಿಲ್ಲವೋ ಇದೂ ಹಾಗೆಯೇ. ಒಂದು ದಿನ ಅಂಗಡಿಯ ಹಲಗೆಯ ಮೇಲಿದ್ದುದು ಬರಿಯ ಗೆರೆ, ಸೊನ್ನೆ, ಕೊಂಬು; ಮತ್ತೊಂದು ದಿನ ಅದೇ ಹಲಗೆ 'ಕಾಫಿ ಪುಡಿ' ಎಂದು ಬಾಯಿಬಿಟ್ಟು ಹೇಳತೊಡಗಿತು. ಅಂದಿನಿಂದ ಬೇಡವೆಂದರೂ ಅದು ಸುಮ್ಮನಿರದು. ಇಷ್ಟು ಸಲೀಸಾಗಿ ನಮಗೆ ಬಂದ ವಿದ್ಯೆ ಇನ್ನೊಬ್ಬನಿಗೆ ಬಾರದೆಂದರೆ ನಂಬಿಕೆ ಹುಟ್ಟುವುದು ಕಷ್ಟ. ಹುಡುಗ ಸೋಮಾರಿ, ಗಮನವಿಲ್ಲ, ಆಟದ ಮೇಲೆ ಪ್ರಾಣ, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲ, ತಾಯಿಯ ಮುದ್ದು ಹೆಚ್ಚಾಯಿತು — ತೀರ್ಪು ನಮ್ಮ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಇವು ಯಾವುವೂ ಹೊಂದದಿದ್ದರೆ ಕಡೆಯ ತೀರ್ಪು ಇದ್ದೇ ಇದೆ: ದಡ್ಡ.

ಈ ತೀರ್ಪುಗಳಲ್ಲಿ ಒಂದೂ ಸಲ್ಲದ ಮಕ್ಕಳು ಇದ್ದಾರೆ. ಬುದ್ಧಿ ಚುರುಕಾಗಿದೆ, ಕಣ್ಣು ಕಿವಿ ನೆಟ್ಟಗಿವೆ, ಪಾಠ ಹೇಳಿಸಿಯೂ ಇದೆ. ಅಕ್ಷರ ಮಾತ್ರ ಒಲಿಯದು. ಇಂಥ ಮಕ್ಕಳು ಇದ್ದಾರೆಂಬುದನ್ನು ಲೋಕ ಒಪ್ಪಿಕೊಳ್ಳುವುದಕ್ಕೆ ನೂರು ವರ್ಷ ಸಾಲಲಿಲ್ಲ. ಆ ಒಪ್ಪಿಗೆಯ ಚರಿತ್ರೆಯಲ್ಲಿ ವೈದ್ಯರಿದ್ದಾರೆ, ಉಪಾಧ್ಯಾಯರಿದ್ದಾರೆ, ಶಾಸನಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ತಮ್ಮ ಮಗುವಿನ ಮಾತನ್ನು ನಂಬಿದ ತಂದೆತಾಯಿಗಳಿದ್ದಾರೆ.

ಸೀಫರ್ಡಿನ ಹುಡುಗ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್ ಪ್ರಾಂತದಲ್ಲಿ ಸೀಫರ್ಡ್ ಎಂಬ ಸಣ್ಣ ಊರಿದೆ. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಕೊನೆಯಲ್ಲಿ ಅಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದವರು ಪ್ರಿಂಗಲ್ ಮಾರ್ಗನ್. ೧೮೯೬ರ ನವೆಂಬರ್ ೭ರ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಅವರು ಒಬ್ಬ ಹುಡುಗನ ವಿಷಯವಾಗಿ ಒಂದು ಚಿಕ್ಕ ಟಿಪ್ಪಣಿಯನ್ನು ಅಚ್ಚುಮಾಡಿಸಿದರು. ಹುಡುಗನ ಹೆಸರು ಪರ್ಸಿ, ವಯಸ್ಸು ೧೪. ಬುದ್ಧಿವಂತರಾದ ತಂದೆತಾಯಿಗಳ ಹಿರಿಯ ಮಗ. ಆಟದಲ್ಲಿ ಚುರುಕು, ಮಾತಿನಲ್ಲಿ ಚುರುಕು, ಓರಗೆಯ ಹುಡುಗರಿಗಿಂತ ಯಾವುದರಲ್ಲೂ ಹಿಂದಲ್ಲ. ಏಳನೆಯ ವಯಸ್ಸಿನಿಂದ ಶಾಲೆಯಲ್ಲಿಯೋ ಮನೆಪಾಠದಲ್ಲಿಯೋ ಅವನಿಗೆ ವಿದ್ಯಾಭ್ಯಾಸ ನಡೆದೇ ಇತ್ತು. ಓದಿಸಲು ಪಟ್ಟ ಪ್ರಯತ್ನಕ್ಕೆ ಲೆಕ್ಕವಿರಲಿಲ್ಲ. ಆದರೂ ಒಂದೇ ಉಸಿರಿನ ಸಣ್ಣ ಪದಗಳನ್ನು ಬಿಟ್ಟು ಬೇರೇನನ್ನೂ ಅವನು ಓದಲಾರ.

ಅಕ್ಷರಗಳು ಅವನಿಗೆ ಗೊತ್ತಿದ್ದವು. ಒಂದೊಂದಾಗಿ ತೋರಿಸಿದರೆ ಹೇಳುತ್ತಿದ್ದ. ಆದರೆ ಅವು ಸೇರಿ ಪದವಾದೊಡನೆ ಗುರುತು ತಪ್ಪುತ್ತಿತ್ತು. ಉಕ್ತಲೇಖನ ಬರೆಸಿದಾಗ ಅವನು ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ 'ಪ್ರೆಸಿ' ಎಂಬಂತೆ ಬರೆದ. ಒಂದಕ್ಕಿಂತ ಹೆಚ್ಚು ಸಲ ತೋರಿಸಿಕೊಡುವ ತನಕ ತಪ್ಪು ಅವನ ಕಣ್ಣಿಗೇ ಬೀಳಲಿಲ್ಲ. ಇದೇ ಹುಡುಗನಿಗೆ ಮಾರ್ಗನ್ನರು ೭೪೯ನ್ನು ೮೬೭ರಿಂದ ಗುಣಿಸಲು ಕೊಟ್ಟರು. ಬೇಗನೆ, ತಪ್ಪಿಲ್ಲದೆ ಮಾಡಿ ಮುಗಿಸಿದ. ಲೆಕ್ಕವೆಂದರೆ ಇಷ್ಟವೆಂದೂ, ಅಚ್ಚಾದ ಪದಗಳು ಮಾತ್ರ ತನಗೆ ಏನನ್ನೂ ಹೇಳುವುದಿಲ್ಲವೆಂದೂ ಅವನೇ ತಿಳಿಸಿದ. '೭' ಎಂಬ ಅಂಕಿ ಅವನೊಡನೆ ಮಾತಾಡುತ್ತಿತ್ತು. 'ಏಳು' ಎಂಬ ಪದ ಮೂಗುಬಟ್ಟಾಗಿ ನಿಲ್ಲುತ್ತಿತ್ತು. ಕಣ್ಣನ್ನು ಪರೀಕ್ಷಿಸಿದಾಗ ದೋಷವೇನೂ ಕಾಣಲಿಲ್ಲ.

ಈ ಟಿಪ್ಪಣಿಯಲ್ಲಿ ವೈದ್ಯರ ಮಾತಿಗಿಂತ ಮನಸ್ಸಿಗೆ ನಾಟುವುದು ಶಾಲೆಯ ಮೇಷ್ಟರ ಮಾತು. ಪಾಠವನ್ನೆಲ್ಲ ಬಾಯಿಮಾತಿನಲ್ಲೇ ಹೇಳುವಂತಿದ್ದರೆ ಇವನು ಶಾಲೆಗೇ ಜಾಣನಾಗುತ್ತಿದ್ದನೆಂದು ಅವರ ಅಭಿಪ್ರಾಯ. ಯೋಚಿಸಿ ನೋಡಿದರೆ ಇದು ಸಾಮಾನ್ಯ ಮಾತಲ್ಲ. ಏಳು ವರ್ಷ ಕಲಿಸಿಯೂ ಕಲಿಯದವನನ್ನು ದೂರುವುದು ಉಪಾಧ್ಯಾಯನಿಗೆ ಸುಲಭ. ಈ ಮೇಷ್ಟರು ದೂರಲಿಲ್ಲ. ಹುಡುಗನನ್ನೂ ಪುಸ್ತಕವನ್ನೂ ಬೇರೆ ಬೇರೆ ಮಾಡಿ ನೋಡಿದರು.

ಕಣ್ಣಿನ ವೈದ್ಯರ ಕಾಲ

ಮಾರ್ಗನ್ನರಿಗೆ ಈ ವಿಷಯ ಹೊಳೆದದ್ದು ಇನ್ನೊಬ್ಬರ ಬರಹದಿಂದ. ಗ್ಲಾಸ್ಗೋ ನಗರದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಷೆಲ್‌ವುಡ್ಡರು ೧೮೯೫ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಬ್ಬ ಭಾಷಾ ಉಪಾಧ್ಯಾಯರ ಕಥೆಯನ್ನು ಬರೆದಿದ್ದರು. ಫ್ರೆಂಚ್ ಮತ್ತು ಜರ್ಮನ್ ಕಲಿಸುತ್ತಿದ್ದ ಆ ಮನುಷ್ಯ ಒಂದು ಬೆಳಿಗ್ಗೆ ಶಿಷ್ಯನ ಬರವಣಿಗೆಯನ್ನು ತಿದ್ದಲು ಕೈಗೆತ್ತಿಕೊಂಡರೆ, ಒಂದು ಪದವೂ ಓದಲಾಗಲಿಲ್ಲ. ಮಾತು ಸರಿಯಾಗಿತ್ತು, ದೃಷ್ಟಿ ಸರಿಯಾಗಿತ್ತು, ಅಂಕಿಗಳನ್ನು ಓದುವುದೂ ಸಾಧ್ಯವಿತ್ತು. ಮೆದುಳಿನ ಯಾವುದೋ ಒಂದು ಮೂಲೆಗೆ ಪೆಟ್ಟು ಬಿದ್ದು ಅಕ್ಷರವಿದ್ಯೆಯೊಂದೇ ಕಳೆದುಹೋಗಿತ್ತು. ಇಂಥ ಸ್ಥಿತಿಗೆ ಜರ್ಮನಿಯ ವೈದ್ಯ ಆಡಾಲ್ಫ್ ಕುಸ್‌ಮೌಲ್ ೧೮೭೭ರಲ್ಲೇ 'ಪದಾಂಧತೆ' ಎಂಬರ್ಥದ ಹೆಸರು ಕೊಟ್ಟಿದ್ದರು. ಸ್ಟುಟ್‌ಗಾರ್ಟಿನ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ೧೮೮೭ರಲ್ಲಿ ಬರೆದ ಪುಸ್ತಕದಿಂದ 'ಡಿಸ್ಲೆಕ್ಸಿಯ' ಎಂಬ ಗ್ರೀಕ್ ಮೂಲದ ಶಬ್ದ ಬಳಕೆಗೆ ಬಂತು. ಆದರೆ ಇವೆಲ್ಲ ಇದ್ದುದನ್ನು ಕಳೆದುಕೊಂಡ ದೊಡ್ಡವರ ಕಥೆ. ಇಲ್ಲದೆಯೇ ಹುಟ್ಟಿದ ಮಕ್ಕಳೂ ಇರಬಹುದೆಂಬುದು ಪರ್ಸಿಯಿಂದ ಬೆಳಕಿಗೆ ಬಂದ ಸಂಗತಿ.

ಅದಕ್ಕೆ ಮುಂಚೆ ಇಂಥವರು ಇರಲಿಲ್ಲವೆ? ಇದ್ದೇ ಇದ್ದರು. ಆದರೆ ಕಾಣುತ್ತಿರಲಿಲ್ಲ. ಊರಿಗೆ ಊರೇ ಓದದಿದ್ದಾಗ ಓದಲಾರದವನು ಯಾರೆಂದು ತಿಳಿಯುವುದು ಹೇಗೆ? ಕುಂಬಾರನ ಮಗ ಮಡಕೆ ಮಾಡಿದ, ರೈತನ ಮಗ ಉತ್ತ. ಕಥೆ ಪುರಾಣ ಬೇಕಾದರೆ ಗುಡಿಯ ಮುಂದೆ ಕುಳಿತು ಕಿವಿಯಿಂದ ಕೇಳಿದ. ಇಂಗ್ಲೆಂಡಿನಲ್ಲಿ ೧೮೭೦ರ ಕಾಯಿದೆಯಿಂದ ಊರೂರಿಗೆ ಶಾಲೆ ಬಂತು. ೧೮೮೦ರಲ್ಲಿ ಹಾಜರಿ ಕಡ್ಡಾಯವಾಯಿತು. ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಒಂದೇ ಪುಸ್ತಕವನ್ನು ಮುಂದಿಟ್ಟಾಗ, ಪುಸ್ತಕ ಯಾರೊಡನೆ ಮಾತಾಡುವುದಿಲ್ಲವೆಂಬುದು ಮೊದಲ ಸಲ ಎದ್ದು ಕಂಡಿತು. ಕಡ್ಡಾಯ ಶಿಕ್ಷಣ ಬಂದು ಹದಿನಾರು ವರ್ಷಕ್ಕೆ ಪರ್ಸಿಯ ವೃತ್ತಾಂತ ಅಚ್ಚಾದದ್ದು ಆಕಸ್ಮಿಕವಲ್ಲ.

ಹಿನ್ಷೆಲ್‌ವುಡ್ಡರು ಮುಂದೆ ಮಕ್ಕಳ ಕಡೆಗೂ ತಿರುಗಿದರು. ೧೯೦೭ರಲ್ಲಿ ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರಲ್ಲಿ ಈ ತೊಂದರೆಯನ್ನು ಕಂಡು ಬರೆದರು; ಇದು ರಕ್ತದಲ್ಲಿ ಹರಿದುಬರುವ ಗುಣವೆಂಬ ಸೂಚನೆ ಆಗಲೇ ಸಿಕ್ಕಿತು. ೧೯೧೭ರಲ್ಲಿ ಅವರ ಪುಸ್ತಕ ಹೊರಬಂತು. ಮೆದುಳಿನ ಎಡಭಾಗದಲ್ಲಿ ಪದಗಳ ಚಿತ್ರವನ್ನು ಕೂಡಿಡುವ ಉಗ್ರಾಣವಿದೆ, ಅದು ಬಲಹೀನವಾಗಿದೆ ಎಂಬ ಅವರ ವಿವರಣೆ ಇಂದು ಹಾಗೆಯೇ ನಿಲ್ಲದು. ಆದರೆ ಅವರ ಸಲಹೆಗಳು ನಿಂತಿವೆ. ಇಂಥ ಮಗುವನ್ನು ಮಂದಬುದ್ಧಿಯವನೆಂದೋ ತಿದ್ದಲಾಗದವನೆಂದೋ ಎಣಿಸಿ ದಂಡಿಸಬಾರದು; ತರಗತಿಯ ಗುಂಪಿನಲ್ಲಿ ಬಿಡದೆ ಒಂಟಿಯಾಗಿ ಕೂರಿಸಿಕೊಂಡು ಕಲಿಸಬೇಕು; ತಾಳ್ಮೆಯಿಂದ, ಬಿಡದೆ ಕಲಿಸಿದರೆ ಫಲವುಂಟು — ಇಷ್ಟನ್ನು ಅವರು ಸ್ಪಷ್ಟವಾಗಿ ಹೇಳಿದ್ದರು.

ಅಯೋವದ ಹೊಲಗಳ ನಡುವೆ

೧೯೨೫ರಲ್ಲಿ ಕಥೆ ಅಮೆರಿಕಕ್ಕೆ ದಾಟುತ್ತದೆ. ಅಯೋವ ಸಂಸ್ಥಾನದ ಮನೋರೋಗದ ಆಸ್ಪತ್ರೆಯಲ್ಲಿದ್ದ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರು ತಮ್ಮ ತಂಡವನ್ನು ಕಟ್ಟಿಕೊಂಡು ಗ್ರೀನ್ ಎಂಬ ಜಿಲ್ಲೆಗೆ ಹೋಗಿ ತಾತ್ಕಾಲಿಕ ಚಿಕಿತ್ಸಾಲಯವೊಂದನ್ನು ತೆರೆದರು. ಜೋಳ ಬೆಳೆಯುವ ಹಳ್ಳಿಗಾಡು. ಅಲ್ಲಿಯ ಉಪಾಧ್ಯಾಯರು ಹಿಂದುಳಿದ ಮಕ್ಕಳನ್ನು ಕರೆತಂದರು. ಅವರಲ್ಲಿ ಎಂ.ಪಿ. ಎಂಬ ಸಂಕೇತದಿಂದ ಪ್ರಸಿದ್ಧನಾದ ಹದಿನಾರು ವರ್ಷದ ಹುಡುಗನೊಬ್ಬ. ಓದಲು ಬಾರದು. ಆಗಿನ ಬುದ್ಧಿಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕ ೭೧ — ಮಂದಬುದ್ಧಿಯ ಗಡಿ. ಆದರೆ ಅವನೊಡನೆ ಕುಳಿತು ಮಾತಾಡಿದ ಆರ್ಟನ್ನರಿಗೆ ಈ ಅಂಕ ಹುಡುಗನಿಗೆ ನ್ಯಾಯ ಮಾಡಿಲ್ಲವೆಂದು ತೋರಿತು. ಯಂತ್ರಗಳ ಕೆಲಸವನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡು ವಿವರಿಸುವ ಶಕ್ತಿ ಅವನಲ್ಲಿತ್ತು. ತಪ್ಪು ಹುಡುಗನಲ್ಲಿಲ್ಲ, ಅಳತೆಗೋಲಿನಲ್ಲಿದೆ ಎಂದು ಅವರು ಬರೆದರು.

ಆರ್ಟನ್ನರೂ ಕಾರಣವನ್ನು ಊಹಿಸುವುದರಲ್ಲಿ ಎಡವಿದರು. ಮಕ್ಕಳು ಇಂಗ್ಲಿಷಿನ 'ಬಿ', 'ಡಿ' ಅಕ್ಷರಗಳನ್ನು ಅದಲುಬದಲು ಮಾಡುವುದನ್ನು ಕಂಡು, ಮೆದುಳಿನ ಎರಡು ಪಾಲುಗಳಲ್ಲಿ ಒಂದು ಇನ್ನೊಂದರ ಮೇಲೆ ಯಜಮಾನಿಕೆ ಸ್ಥಾಪಿಸದಿರುವುದೇ ಇದಕ್ಕೆ ಮೂಲವೆಂದು ಭಾವಿಸಿದರು. ಕನ್ನಡಿಯಲ್ಲಿ ಕಂಡಂತೆ ಬರೆಯುವ ಮಗು ಎಂಬ ಜನಪ್ರಿಯ ಚಿತ್ರ ಇಲ್ಲಿಂದ ಹರಡಿತು. ಮುಂದೆ ೧೯೭೦ರ ದಶಕದಲ್ಲಿ ಇಸಬೆಲ್ ಲಿಬರ್ಮನ್ ಮೊದಲಾದವರ ಸಂಶೋಧನೆಗಳು ಬೇರೆ ದಾರಿ ತೋರಿಸಿದವು. ಬಹುತೇಕ ಮಕ್ಕಳಲ್ಲಿ ಅಡಚಣೆ ಇರುವುದು ಕಣ್ಣಿನ ಹಾದಿಯಲ್ಲಲ್ಲ, ನುಡಿಯ ಹಾದಿಯಲ್ಲಿ. ಒಂದು ಪದದೊಳಗಿನ ಧ್ವನಿಗಳನ್ನು ಬಿಡಿಸಿ ಹಿಡಿದುಕೊಳ್ಳುವುದು, ಹಿಡಿದ ಧ್ವನಿಗೆ ಅಕ್ಷರವನ್ನು ಕಟ್ಟುವುದು — ಈ ಗಂಟು ಅವರಲ್ಲಿ ಸಡಿಲ. ಅಕ್ಷರ ಅದಲುಬದಲಾಗುವುದು ಕಲಿಯುವ ಎಲ್ಲ ಮಕ್ಕಳಲ್ಲೂ ಕಾಣುವ ಸಂಗತಿಯೇ. ಇವರಲ್ಲಿ ಅದು ಬಹುಕಾಲ ಉಳಿಯುತ್ತದೆ, ಅಷ್ಟೆ.

ಊಹೆ ಸುಳ್ಳಾದರೂ ಆರ್ಟನ್ನರ ಕೆಲಸ ವ್ಯರ್ಥವಾಗಲಿಲ್ಲ. ಅವರೊಡನೆ ದುಡಿದ ಆನಾ ಗಿಲಿಂಗ್‌ಹ್ಯಾಂ ಮತ್ತು ಬೆಸ್ಸಿ ಸ್ಟಿಲ್‌ಮನ್ ಎಂಬ ಇಬ್ಬರು ಉಪಾಧ್ಯಾಯಿನಿಯರು ೧೯೩೦ರ ದಶಕದಲ್ಲಿ ಒಂದು ಬೋಧನಕ್ರಮವನ್ನು ಕಟ್ಟಿದರು. ಮಗು ಅಕ್ಷರವನ್ನು ನೋಡಬೇಕು, ಅದರ ಧ್ವನಿಯನ್ನು ಕೇಳಬೇಕು, ತಾನೇ ಗಟ್ಟಿಯಾಗಿ ಹೇಳಬೇಕು, ಹೇಳುತ್ತ ಕೈಯಿಂದ ತಿದ್ದಬೇಕು. ಒಂದು ಗಟ್ಟಿಯಾದ ಮೇಲೆಯೇ ಮತ್ತೊಂದು. ಊಹಿಸಿ ಓದುವುದಕ್ಕೆ ಎಡೆಯಿಲ್ಲ.

ಇದನ್ನು ಓದುವಾಗ ನಮ್ಮಲ್ಲಿ ಹಳಬರಿಗೆ ಕೂಲಿಮಠದ ನೆನಪು ಬರುವುದು ಸಹಜ. ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದುತ್ತ, ಬಾಯಲ್ಲಿ ಅದನ್ನೇ ಕೂಗುತ್ತ ಕಲಿತ ವಿದ್ಯೆ ಅದು. ಕಣ್ಣು, ಕಿವಿ, ನಾಲಗೆ, ಕೈ ನಾಲ್ಕೂ ಒಟ್ಟಿಗೆ ದುಡಿಯುತ್ತಿದ್ದವು. ಆದರೆ ನಮ್ಮ ಹಿಂದಿನದೆಲ್ಲ ಚಿನ್ನವೆಂದು ಬೀಗಬೇಕಾಗಿಲ್ಲ. 'ಛಡಿ ಚಂ ಚಂ, ವಿದ್ಯೆ ಘಂ ಘಂ' ಎಂದದ್ದೂ ಅದೇ ಮಠ. ಬಾರದವನನ್ನು ಕೋದಂಡಕ್ಕೆ ಏರಿಸಿದ್ದೂ ಅದೇ ಮಠ. ಮರಳು ಹಿಡಿದಿಟ್ಟ ಮಕ್ಕಳಲ್ಲಿ ಎಷ್ಟೋ ಮಂದಿಯನ್ನು ಛಡಿ ಓಡಿಸಿರಬೇಕು.

ಕೆಂಪು ಸ್ವರ, ಪುಟ್ಟ ಕನ್ನಡಿ

ಡೆನ್ಮಾರ್ಕಿನ ಎಡಿತ್ ನಾರಿ ಎಂಬ ಮಹಿಳೆ ಸ್ವತಃ ಪದಾಂಧಳಾಗಿದ್ದವಳು. ತನಗಾದ ಕಷ್ಟ ಇನ್ನೊಬ್ಬರಿಗೆ ಆಗಬಾರದೆಂದು ೧೯೩೦ರ ದಶಕದಲ್ಲಿ ಕೋಪನ್‌ಹೇಗನ್ನಿನಲ್ಲಿ ಒಂದು ಸಂಸ್ಥೆಯನ್ನು ತೆರೆದಳು. ಅವಳು ಮಾಡಿದ ಒಂದು ಅಕ್ಷರಪೆಟ್ಟಿಗೆ ಇಂದಿಗೂ ಹೆಸರುವಾಸಿ. ಅದರಲ್ಲಿ ಅಕ್ಷರಗಳನ್ನು ರೋಮನ್ ಅಕ್ಷರಮಾಲೆಯ ಕ್ರಮದಲ್ಲಿ ಇಡದೆ, ಬಾಯಲ್ಲಿ ಹುಟ್ಟುವ ಸ್ಥಾನದ ಪ್ರಕಾರ ಇಟ್ಟಳು: ತುಟಿಯಿಂದ ಬರುವವು ಒಂದು ಕಡೆ, ನಾಲಗೆಯ ತುದಿಯಿಂದ ಬರುವವು ಒಂದು ಕಡೆ, ಗಂಟಲಿನಿಂದ ಬರುವವು ಮತ್ತೊಂದು ಕಡೆ. ಸ್ವರಗಳಿಗೆ ಕೆಂಪು ಬಣ್ಣ. ಜೊತೆಗೊಂದು ಪುಟ್ಟ ಕನ್ನಡಿ — ಉಚ್ಚರಿಸುವಾಗ ತನ್ನ ಬಾಯಿ ಏನು ಮಾಡುತ್ತದೆಂದು ಮಗು ನೋಡಿಕೊಳ್ಳಲಿ ಎಂದು.

ಕನ್ನಡ ವರ್ಣಮಾಲೆಯನ್ನು ಬಲ್ಲವರಿಗೆ ಇದು ಹೊಸದೇ? ಕವರ್ಗ ಗಂಟಲಿನದು, ಚವರ್ಗ ಅಂಗುಳಿನದು, ತವರ್ಗ ಹಲ್ಲಿನದು, ಪವರ್ಗ ತುಟಿಯದು. ಸ್ವರಗಳದು ಬೇರೆ ಸಾಲು. ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲಿ ಹಾಡಿನಂತೆ ಒಪ್ಪಿಸುವ ಈ ಕ್ರಮವನ್ನು, ಅಕ್ಷರ ಒಲಿಯದ ಹೆಂಗಸೊಬ್ಬಳು ಯೂರೋಪಿನ ಮೂಲೆಯಲ್ಲಿ ತನ್ನ ಅನುಭವದಿಂದ ಮತ್ತೆ ಕಂಡುಕೊಳ್ಳಬೇಕಾಯಿತು. ನಾವಾದರೋ ಒಪ್ಪಿಸುತ್ತೇವೆ, ಅದರೊಳಗಿನ ಅರ್ಥವನ್ನು ಮಗುವಿಗೆ ತೋರಿಸುವುದಿಲ್ಲ.

ನಾರಿಯಿಂದ ಕಲಿತ ಹೆಲನ್ ಆರ್ಕೆಲ್ — ಈಕೆಗೂ ಇದೇ ತೊಂದರೆ — ಆ ವಿದ್ಯೆಯನ್ನು ಇಂಗ್ಲೆಂಡಿಗೆ ತಂದು ೧೯೭೧ರಲ್ಲಿ ತನ್ನ ಹೆಸರಿನ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ಮುಂಚೆ, ೧೯೬೨ರಲ್ಲಿ ನಡೆದ ಸಮ್ಮೇಳನವೊಂದರ ಫಲವಾಗಿ ಲಂಡನ್ನಿನಲ್ಲಿ ಪದಾಂಧ ಮಕ್ಕಳ ಕೇಂದ್ರವೊಂದು ಹುಟ್ಟಿತ್ತು. ಅದರ ನಿರ್ದೇಶಕಿಯಾಗಿದ್ದ ಸಂಧ್ಯಾ ನಾಯ್ಡು ಅಲ್ಲಿಗೆ ಬಂದ ಹುಡುಗರನ್ನು ಇತರ ಹುಡುಗರೊಡನೆ ಹೋಲಿಸಿ ನಡೆಸಿದ ಅಧ್ಯಯನ ೧೯೭೨ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಕೇಂದ್ರ ಮುಚ್ಚಿತು.

ತಾಯಂದಿರ ಮೇಲಿನ ಅಪವಾದ

ಇಷ್ಟರಲ್ಲಿ ಒಂದು ಹೊಸ ಅಪವಾದ ಎದ್ದಿತ್ತು. ತಮ್ಮ ಮಗ ದಡ್ಡನೆಂದು ಒಪ್ಪಲಾರದ ಮಧ್ಯಮವರ್ಗದ ತಾಯಂದಿರು ಕಟ್ಟಿಕೊಂಡ ಗ್ರೀಕ್ ಹೆಸರು ಇದು, ಇಂಥ ರೋಗವೇ ಇಲ್ಲ ಎಂದು ವಿದ್ಯಾ ಇಲಾಖೆಯವರೂ ಮನಶ್ಶಾಸ್ತ್ರಜ್ಞರಲ್ಲಿ ಕೆಲವರೂ ಹೇಳತೊಡಗಿದರು. ಈ ಆಕ್ಷೇಪಣೆಯಲ್ಲಿ ಒಂದು ಪಾಲು ಸತ್ಯವೂ ಇತ್ತು, ಅದನ್ನು ಮರೆಯಬಾರದು. ಕೇಳುವ ಧೈರ್ಯ, ಪತ್ರ ಬರೆಯುವ ಶಕ್ತಿ, ತಜ್ಞರಿಗೆ ಕೊಡಲು ಹಣ ಇದ್ದವರ ಮಕ್ಕಳಿಗೇ ಈ ಹೆಸರು ದೊರೆಯುತ್ತಿತ್ತು. ಗಣಿಯ ಕೂಲಿಯವನ ಮಗ ಅದೇ ತೊಂದರೆಯಿಂದ ಬರಿಯ ದಡ್ಡನಾಗಿ ಉಳಿಯುತ್ತಿದ್ದ. ಆದರೆ ಇದರಿಂದ ಬರಬೇಕಾದ ತೀರ್ಮಾನ ತೊಂದರೆ ಸುಳ್ಳೆಂದಲ್ಲ. ಸಹಾಯ ಎಲ್ಲರಿಗೂ ಮುಟ್ಟಿಲ್ಲವೆಂದು.

ಬಾತ್ ನಗರದ ಮೇರಿಯನ್ ವೆಲ್ಚ್‌ಮನ್ ಅಪವಾದಕ್ಕೆ ಅಂಜದ ತಾಯಿ. ತನ್ನ ಮಗನಿಗಾಗಿ ಬಾಗಿಲಿಂದ ಬಾಗಿಲಿಗೆ ಅಲೆದು ಅನುಭವ ಪಡೆದ ಆಕೆ ೧೯೬೬ರಲ್ಲಿ ತನ್ನ ಊರಿನಲ್ಲೇ ಒಂದು ಸಂಘ ಕಟ್ಟಿದರು. ಬೇರೆ ಊರುಗಳಲ್ಲಿಯೂ ಇಂಥ ಸಂಘಗಳು ಎದ್ದವು. ಅವೆಲ್ಲ ಕೂಡಿ ೧೯೭೨ರಲ್ಲಿ ಬ್ರಿಟಿಷ್ ಡಿಸ್ಲೆಕ್ಸಿಯ ಅಸೋಸಿಯೇಷನ್ ಆಯಿತು. ಸರ್ಕಾರದ ನಾಲಗೆ ತಿರುಗಲು ಇನ್ನೂ ಹದಿನೈದು ವರ್ಷ ಬೇಕಾಯಿತು: ಡಿಸ್ಲೆಕ್ಸಿಯ ಉಂಟೆಂದು ತಾನು ಒಪ್ಪುವುದಾಗಿ ಬ್ರಿಟಿಷ್ ಸರ್ಕಾರ ಪಾರ್ಲಿಮೆಂಟಿನಲ್ಲಿ ಹೇಳಿದ್ದು ೧೯೮೭ರಲ್ಲಿ.

ಅಮೆರಿಕದಲ್ಲಿ ತಂದೆತಾಯಿಗಳ ಕೆಲಸ ಬೇಗ ಫಲಿಸಿತು. ೧೯೬೩ರ ಏಪ್ರಿಲ್ ೬ರಂದು ಷಿಕಾಗೋದಲ್ಲಿ ಅವರು ಸೇರಿದ ಸಮ್ಮೇಳನದಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಪ್ರಾಧ್ಯಾಪಕರು ಮಾತಾಡಿದರು. ಸಭೆಯಲ್ಲಿದ್ದವರಿಗೆ ತಮ್ಮ ಮಕ್ಕಳ ಸ್ಥಿತಿಗೆ ಒಂದು ಹೆಸರು ಬೇಕಾಗಿತ್ತು. ಆವರೆಗೆ ಮೆದುಳಿನ ಗಾಯ ಮುಂತಾದ ಹೆದರಿಸುವ ಹೆಸರುಗಳು ಚಲಾವಣೆಯಲ್ಲಿದ್ದವು. ಕರ್ಕರು 'ಕಲಿಕೆಯ ನ್ಯೂನತೆ' ಎಂಬರ್ಥದ ಮಾತನ್ನು ಮುಂದಿಟ್ಟರು; ಅದರೊಡನೆಯೇ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಹೆಸರಿಟ್ಟ ಮಾತ್ರಕ್ಕೆ ನಮಗೆ ಸಮಾಧಾನವಾಗಬಹುದು, ಮಗುವಿಗೆ ಪ್ರಯೋಜನವಾಗದು. ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ, ಏನು ಕಲಿಸಬೇಕು ಎಂಬುದನ್ನು ನೋಡಬೇಕು ಎಂಬುದು ಅದರ ಸಾರ. ಕೂಡಿದ್ದ ತಂದೆತಾಯಿಗಳು ಹೆಸರನ್ನು ಎತ್ತಿಕೊಂಡರು; ರಾಷ್ಟ್ರೀಯ ಸಂಘವೊಂದು ರೂಪುಗೊಂಡಿತು. ೧೯೭೫ರ ಕಾಯಿದೆಯಲ್ಲಿ ಈ ಮಕ್ಕಳಿಗೂ ಸ್ಥಾನ ಸಿಕ್ಕಿತು. ಆ ಕಾಯಿದೆಯ ವಿಶೇಷವೆಂದರೆ, ಪ್ರತಿ ಮಗುವಿಗೂ ಬೇರೆಯಾದ ಒಂದು ಬರಹದ ಯೋಜನೆ ಇರಬೇಕು. ಅದನ್ನು ಮಾಡುವ ಸಭೆಯಲ್ಲಿ ತಂದೆತಾಯಿಗಳಿಗೆ ಕುರ್ಚಿ ಇರಬೇಕು. ಒಪ್ಪದಿದ್ದರೆ ಮೇಲೆ ದೂರು ಕೊಡುವ ಹಕ್ಕಿರಬೇಕು. ಶಾಲೆಯ ಹೊರಬಾಗಿಲಲ್ಲಿ ಕೈಕಟ್ಟಿ ನಿಂತಿದ್ದವರನ್ನು ಒಳಗೆ ಕರೆದು ಕೂರಿಸಿದ ಕಾಯಿದೆ ಅದು.

ಕನ್ನಡದ ಮಗು

ನಮ್ಮ ಭಾಷೆಯಲ್ಲಿ ಈ ಕಷ್ಟ ಇರಲಾರದೆಂದು ಬಹಳ ಜನ ನಂಬಿದ್ದುಂಟು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಕನ್ನಡದಲ್ಲಾದರೆ ಬರೆದಂತೆ ಓದು, ಓದಿದಂತೆ ಬರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ಕಾಗುಣಿತ ಒಮ್ಮೆ ಕೈಹತ್ತಿದರೆ ಕನ್ನಡದಲ್ಲಿ ಕಾಣದ ಪದವನ್ನೂ ಓದಬಹುದು. ಆದರೆ ಕೈಹತ್ತಬೇಕಲ್ಲ! ಇಂಗ್ಲಿಷ್ ಮಗುವಿನ ಮುಂದೆ ೨೬ ಅಕ್ಷರಗಳಿದ್ದರೆ ಕನ್ನಡದ ಮಗುವಿನ ಮುಂದೆ ೪೯. ೩೪ ವ್ಯಂಜನಗಳಿಗೆ ೧೫ ರೂಪದಂತೆ ಗುಣಿತಾಕ್ಷರಗಳೇ ೫೧೦. ಅವುಗಳ ಮೇಲೆ ಒತ್ತಕ್ಷರಗಳು. ಗುಡಿಸು ತಲೆಯ ಮೇಲೆ, ಕೊಂಬು ಬಲಕ್ಕೆ, ಒತ್ತು ಕೆಳಗೆ. 'ಸೂರ್ಯ' ಎನ್ನುವಾಗ ಬಾಯಲ್ಲಿ ರಕಾರ ಮೊದಲು ಬರುತ್ತದೆ. ಅರ್ಕಾವತ್ತಿನಲ್ಲಿ ಬರೆದಾಗ ಅದು ಯಕಾರದ ಹಿಂದೆ ಹೋಗಿ ಕೂರುತ್ತದೆ. ದಕ್ಕೂ ಧಕ್ಕೂ ಇರುವ ಅಂತರ ಒಂದು ಸಣ್ಣ ಸೀಳು.

ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದಿನ ವಿಷಯದಲ್ಲಿ ಮುಖ್ಯವಾದದ್ದು. ಅಕ್ಷರಗಳನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳುವ ಕೆಲಸ ನಮ್ಮ ಮಕ್ಕಳಲ್ಲಿ ನಾಲ್ಕನೆಯ ತರಗತಿಯವರೆಗೂ ನಡೆದಿರುತ್ತದೆಂದು ಅವರು ಕಂಡರು. 'ಕ' ಎಂಬ ಇಡೀ ಅಕ್ಷರ ಬೇಗ ತಿಳಿಯುತ್ತದೆ. ಅದರೊಳಗೆ 'ಕ್' ಮತ್ತು 'ಅ' ಎಂಬ ಎರಡು ಧ್ವನಿಗಳಿವೆಯೆಂಬ ಅರಿವು ನಿಧಾನವಾಗಿ ಬರುತ್ತದೆ. ಹಾಗಾದರೆ ಇಂಗ್ಲಿಷಿನ ಲೆಕ್ಕ ಹಿಡಿದು ನಮ್ಮ ಎರಡನೆಯ ತರಗತಿಯ ಮಗುವನ್ನು ಹಿಂದುಳಿದದ್ದೆಂದು ಹೇಳುವುದು ತಪ್ಪು. ಹಾಗೆಯೇ, ನಿಜವಾಗಿ ತೊಂದರೆಯಲ್ಲಿರುವ ಮಗುವನ್ನು 'ಮುಂದೆ ತಾನೇ ಬರುತ್ತದೆ' ಎಂದು ಬಿಟ್ಟುಬಿಡುವುದೂ ತಪ್ಪು. ಇವೆರಡರ ನಡುವೆ ವಿವೇಕ ಹೇಳಬಲ್ಲವರು ಬೇಕು. ೧೯೬೫ರಲ್ಲಿ ಮೈಸೂರಿನಲ್ಲಿ ಆರಂಭವಾದ ವಾಕ್‌ಶ್ರವಣ ಸಂಸ್ಥೆಯಲ್ಲಿ ಕನ್ನಡದ ಓದನ್ನು ಅಳೆಯುವ ಪರೀಕ್ಷೆಗಳು ತಯಾರಾದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ರಚಿಸಿದ ಪರೀಕ್ಷಾಮಾಲೆ ದೇಶದಲ್ಲೆಲ್ಲ ಬಳಕೆಗೆ ಬಂತು.

ಪಟ್ಟಣದ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಮನೆಯ ಮಾತು ಕನ್ನಡ, ಶಾಲೆಯ ಮಾತು ಇಂಗ್ಲಿಷ್, ಜೊತೆಗೆ ಹಿಂದಿ. ಮೂರು ಲಿಪಿ ಒಂದೇ ಚೀಲದಲ್ಲಿ. ಮಾತೇ ತಿಳಿಯದ ಭಾಷೆಯಲ್ಲಿ ಓದು ಬಾರದಿದ್ದರೆ ಅದು ನ್ಯೂನತೆಯಲ್ಲ, ಭಾಷೆಯ ಅಪರಿಚಯ. ಮಗುವನ್ನು ಪರೀಕ್ಷೆಗೆ ಕರೆದೊಯ್ಯುವ ತಂದೆತಾಯಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಭಾಷೆಯಲ್ಲಿ ಪರೀಕ್ಷಿಸಿದಿರಿ?

ನಮ್ಮ ಕಾಯಿದೆಯ ದಾರಿ

ನಮ್ಮ ದೇಶದಲ್ಲಿಯೂ ಹೆಜ್ಜೆ ಮೊದಲಿಟ್ಟವು ಸಂಘಗಳೇ. ೧೯೯೧ರಲ್ಲಿ ಮದರಾಸ್ ಡಿಸ್ಲೆಕ್ಸಿಯ ಅಸೋಸಿಯೇಷನ್ ಹುಟ್ಟಿತು. ೧೯೯೬ರಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯತಿಗಳನ್ನು ಕೊಟ್ಟಿತು. ಆದರೆ ೧೯೯೫ರ ಅಂಗವಿಕಲರ ಕಾಯಿದೆ ಎಣಿಸಿದ ಏಳು ವರ್ಗಗಳಲ್ಲಿ ಇವರಿಗೆ ಜಾಗವಿರಲಿಲ್ಲ. ೨೦೦೭ರಲ್ಲಿ 'ತಾರೇ ಜಮೀನ್ ಪರ್' ಚಿತ್ರ ಬಂದಾಗ ಎಷ್ಟೋ ಮನೆಗಳಲ್ಲಿ ತಂದೆಯೊಬ್ಬ ಕಣ್ಣೊರೆಸಿಕೊಂಡದ್ದುಂಟು. ಕಾಯಿದೆ ಮಾತ್ರ ಇನ್ನೂ ಒಂಬತ್ತು ವರ್ಷ ಕದಲಲಿಲ್ಲ. ೨೦೧೬ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ ೨೦೧೭ರ ಏಪ್ರಿಲಿನಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ೨೧ ವರ್ಗಗಳನ್ನು ಎಣಿಸಿತು. ಅವುಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ಸಹಾಯ ಮಾಡುವುದು ಶಾಲೆಗಳ ಕರ್ತವ್ಯವೆಂದು ಅದರಲ್ಲಿ ಬರೆದಿದೆ.

ಬರೆದದ್ದು ಪರೀಕ್ಷೆಯ ಕೊಠಡಿಗೆ ತಲುಪುವುದು ಬೇರೆ ಮಾತು. ೨೦೨೧ರಲ್ಲಿ ಬರವಣಿಗೆಯ ತೊಂದರೆಯುಳ್ಳ ಒಬ್ಬ ವಿದ್ಯಾರ್ಥಿನಿ ವೈದ್ಯಕೀಯ ಪ್ರವೇಶಪರೀಕ್ಷೆ ಬರೆಯಲು ಹೋದಾಗ, ಆಕೆಗೆ ಸಲ್ಲಬೇಕಾಗಿದ್ದ ಒಂದು ಗಂಟೆಯ ಹೆಚ್ಚಿನ ಅವಧಿ ದೊರೆಯಲಿಲ್ಲ. ಉತ್ತರಪತ್ರಿಕೆಯನ್ನು ಎಲ್ಲರೊಡನೆ ಕಿತ್ತುಕೊಂಡರು. ಆಕೆ ಸುಪ್ರೀಂ ಕೋರ್ಟಿನವರೆಗೆ ಹೋದಳು. ಆಕೆಗೆ ಅನ್ಯಾಯವಾಗಿದೆಯೆಂದು ನ್ಯಾಯಾಲಯ ಆ ನವೆಂಬರಿನಲ್ಲಿ ಹೇಳಿತು; ಮತ್ತೆ ಪರೀಕ್ಷೆ ನಡೆಸಲು ಒಪ್ಪದೆ, ಪರಿಹಾರ ಏನೆಂದು ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಅಪ್ಪಣೆ ಮಾಡಿತು. ಒಂದು ಗಂಟೆಗಾಗಿ ದೇಶದ ಅತ್ಯುಚ್ಚ ನ್ಯಾಯಾಲಯ! ಆಕೆಯ ಹಿಂದೆ ನಿಂತ ಮನೆಯವರ ದುಗುಡವನ್ನು ಓದುಗರೇ ಊಹಿಸಿಕೊಳ್ಳಬಹುದು. ಅಲ್ಲಿಗೆ ಹೋಗಲಾರದವರೆಷ್ಟು ಮಂದಿ ಮನೆಗೆ ಹಿಂತಿರುಗಿ ಬಾಗಿಲು ಹಾಕಿಕೊಂಡಿರಬಹುದು?

ಇಂಥ ಮಗು ಇರುವ ಮನೆಯಲ್ಲಿ ಸಂಜೆಯ ಹೊತ್ತು ಹೇಗಿರುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಆರು ಗಂಟೆಗೆ ಪುಸ್ತಕ ತೆರೆಯುತ್ತದೆ. ಒಂಬತ್ತಕ್ಕೆ ತಾಯಿಯೂ ಅಳುತ್ತಿರುತ್ತಾಳೆ, ಮಗುವೂ ಅಳುತ್ತಿರುತ್ತದೆ. ತಂಗಿ ಪಾಠ ಮುಗಿಸಿ, ತನ್ನದೇನೋ ತಪ್ಪೆಂಬಂತೆ ಮೂಲೆಯಲ್ಲಿ ಕುಳಿತಿರುತ್ತಾಳೆ. ನೆರೆಯವರ ಮಗನ ಅಂಕದ ಸುದ್ದಿ ಗೋಡೆ ದಾಟಿ ಬರುತ್ತದೆ. ಈ ನೂರಿಪ್ಪತ್ತು ವರ್ಷದ ಚರಿತ್ರೆಯಿಂದ ಆ ಮನೆಗೆ ದೊರೆಯುವುದು ಮೂರೇ ಮಾತು. ಮಗು ಬೇಕೆಂದು ಮಾಡುತ್ತಿಲ್ಲ. ಕಲಿಸುವ ದಾರಿ ಉಂಟು. ಆದರೆ ಅದು ನಿಧಾನದ ದಾರಿ, ಒಂದೊಂದೇ ಮೆಟ್ಟಲಿನದು. ಓದು ಬರುವ ತನಕ ಜ್ಞಾನವನ್ನು ತಡೆಹಿಡಿಯಬೇಕಾಗಿಲ್ಲ. ಪಾಠವನ್ನು ಮನೆಯವರು ಗಟ್ಟಿಯಾಗಿ ಓದಿ ಹೇಳಬಹುದು, ಉತ್ತರವನ್ನು ಬಾಯಲ್ಲಿ ಕೇಳಬಹುದು.

ಕಡೆಯ ಮಾತನ್ನು ೧೮೯೬ರಲ್ಲೇ ಸೀಫರ್ಡಿನ ಮೇಷ್ಟರು ಹೇಳಿಬಿಟ್ಟಿದ್ದರು. ಅವರ ಬಳಿ ಪರೀಕ್ಷಾಮಾಲೆ ಇರಲಿಲ್ಲ, ಕಾಯಿದೆ ಇರಲಿಲ್ಲ, ಆ ಗ್ರೀಕ್ ಹೆಸರೂ ಬಹುಶಃ ತಿಳಿದಿರಲಿಲ್ಲ. ತಮ್ಮೆದುರು ಕುಳಿತ ಹುಡುಗನನ್ನು ಕೆಲವು ವರ್ಷ ಸರಿಯಾಗಿ ನೋಡಿದ್ದರು, ಅಷ್ಟೆ. ಅವರ ಮಾತು ನಮ್ಮ ದೇಶದ ಕಾಯಿದೆಯ ಪುಸ್ತಕಕ್ಕೆ ಬರಲು ೧೨೦ ವರ್ಷ ಹಿಡಿಯಿತು. ನಮ್ಮ ಬೀದಿಯ ಶಾಲೆಗೆ ಬರಲು ಅಷ್ಟು ಕಾಯಬೇಕಾಗಿಲ್ಲ; ನಾಳೆ ಬೆಳಿಗ್ಗೆ ಹಾಜರಿ ಕೂಗಿದ ಮೇಲೆ, ಕೊನೆಯ ಬೆಂಚಿನ ಹುಡುಗನಿಗೆ ಪುಸ್ತಕ ಮುಚ್ಚಿಸಿ ಒಂದು ಪ್ರಶ್ನೆ ಕೇಳಿದರೆ ಸಾಕು.